ಬಿಸಿಲಿನ ದಿನ ಬಂದ ನೀರು

ಪಾಲಾರ್ ಒಂದು ನದಿ ಎಂದು ನಾನು ನಂಬಿದ್ದು ಮೀನುಗಾರಿಕೆ ಇಲಾಖೆಯ ಕೆಲಸಕ್ಕೆ ಸೇರಿದ ಮೇಲೆಯೇ. ಅಲ್ಲಿಯವರೆಗೆ ನಮಗದು ಮರಳಿನ ಹೆಸರು. ಆಂಡರ್ಸನ್‌ಪೇಟೆಯ ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ, "ಪಾಲಾರ್ ಮರಳು, ಒಳ್ಳೇ ಮಾಲು" ಎಂದು ಮೇಸ್ತ್ರಿ ಹೇಳುವುದನ್ನು ಕೇಳಿಕೊಂಡು ಬೆಳೆದವಳು ನಾನು. ನೀರೆಂದರೆ ಬೇತಮಂಗಲದಿಂದ ಪೈಪಿನಲ್ಲಿ ಬರುವುದು, ಅದೂ ಬಂದರೆ. ಅಪ್ಪನಿಗೆ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಪಂಪಿನ ಕೆಲಸ; ನೆಲದ ಕೆಳಗೆ ಯಾರಿಗೂ ಬೇಡದ ನೀರನ್ನು ಮೇಲೆತ್ತಿ ಹೊರಗೆ ಹಾಕುತ್ತಿದ್ದರು. ಅದೇ ಹೊತ್ತಿಗೆ ಅಮ್ಮ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಸಾಲಿನಲ್ಲಿ ನಿಂತಿರುತ್ತಿದ್ದಳು. ಇದ್ಯಾವ ನ್ಯಾಯ ಎಂದು ಚಿಕ್ಕಂದಿನಲ್ಲೇ ನನಗೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟು ಈಗಲೂ ಇದೆ, ಮೊದಲಿನ ಕಸುವಿಲ್ಲ. ಗಣಿ ನಿಂತು ಎಷ್ಟೋ ಕಾಲವಾಯಿತು, ಅಪ್ಪನೂ ಹೋದರು. ನನ್ನ ನಿವೃತ್ತಿ ಹತ್ತಿರ ಬಂದಿದೆ. ಕೆರೆ ಏರಿ ಹತ್ತಿ ಇಳಿದು ಮಂಡಿ ಸವೆದಿವೆ, ಬಂಗಾರಪೇಟೆ ಬಸ್ಸಿಗೆ ಕಾದು ಕಾದು ಸೊಂಟ ಹಿಡಿದುಕೊಂಡಿದೆ. ಕೆಲಸವೂ ಹೇಳಿಕೊಳ್ಳುವಂಥದ್ದೇನಲ್ಲ. ಕೆರೆ ಗುತ್ತಿಗೆ ಹಿಡಿದವರಿಗೆ ಮೀನುಮರಿ ಕೊಡಿಸುವುದು, ಅವನ್ನು ಯಾವಾಗ ಬಿಡಬೇಕು, ಹೇಗೆ ಸಾಕಬೇಕು ಎಂದು ಹೇಳುವುದು. ಹೇಳುವುದಂತೂ ಹೇಳಿದ್ದೇನೆ. ಕೇಳಿಸಿಕೊಂಡವರು ತಲೆಯಾಡಿಸಿದ್ದಾರೆ.

ನಾನು ಹೇಳುತ್ತಿದ್ದದ್ದು ದೊಡ್ಡ ವಿದ್ಯೆಯೇನೂ ಅಲ್ಲ. ನಮ್ಮ ಕಡೆ ಕೆರೆಗಳು ಒಂದರ ಕೆಳಗೊಂದು ಇವೆ. ಅಮ್ಮನ ನಲ್ಲಿ ಸಾಲಿನ ಕೊಡಗಳ ಹಾಗೆ, ಮುಂದಿನದು ತುಂಬದೆ ಹಿಂದಿನದರ ಪಾಳಿ ಬರುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಿನ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೇ ಇಳಿದು ಇಳಿದು ಕೊನೆಗೆ ಪಾಲಾರ್. ನಾವು ಬೇರೆ ಬೇರೆ ಹೆಸರಿಟ್ಟು ಕರೆಯುವ ಕೆರೆಗಳೆಲ್ಲ ನಿಜಕ್ಕೂ ಒಂದೇ ನದಿ, ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಹೋಗುತ್ತದೆ ಅಷ್ಟೆ. ಆದರೆ ಗುತ್ತಿಗೆ ಮಾತ್ರ ಕೆರೆಗೊಂದು. ಮರಿ ಬಿಡುವುದು ಅವರವರ ಇಷ್ಟ, ಮೀನು ಹಿಡಿಯುವುದು ಅವರವರ ಇಷ್ಟ. ಮೇಲೆ ಎಷ್ಟು ನೀರು ನಿಂತಿದೆ ಎಂದು ಕೆಳಗಿನವರಿಗೆ ತಿಳಿಯದು, ತಾವು ಬಿಟ್ಟ ನೀರು ಕೆಳಗೆ ಏನು ಮಾಡಿತು ಎಂದು ಮೇಲಿನವರಿಗೆ ಬೇಕಿಲ್ಲ.

ಒಂದೇ ಹಳ್ಳದ ಮೇಲಿನ ಕೆರೆಯವರೆಲ್ಲ ಮಳೆಗಾಲಕ್ಕೆ ಮುಂಚೆ ಒಮ್ಮೆ ಕೂತು ಮಾತಾಡಿಕೊಳ್ಳಿ, ಮೇಲೆ ಕೋಡಿ ಬಿದ್ದ ತಕ್ಷಣ ಕೆಳಗಿನವರಿಗೆ ಒಂದು ಫೋನು ಮಾಡಿ ಎಂದು ಪ್ರತಿ ಸಭೆಯಲ್ಲೂ ಹೇಳಿದೆ. ಬಹಳ ಒಳ್ಳೆಯ ಮಾತು ಎಂದರು. ಆಮೇಲೆ ಟೀ ಬಂತು. ಮೀನಿಗೆ ಗುತ್ತಿಗೆ ಪತ್ರ ಓದಲು ಬರುವುದಿಲ್ಲ ಕಣ್ರೀ ಎಂದು ಒಮ್ಮೆ ರೇಗಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕು ಬಸ್ಸು ಹತ್ತಿದೆ.

ಹಾಗೆ ತಲೆಯಾಡಿಸಿದವರಲ್ಲಿ ಒಬ್ಬಳು ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯ ಒಂದು ಹಳ್ಳಿಯವಳು. ನನಗಿಂತ ಚಿಕ್ಕವಳು. ಮೊದಮೊದಲು ಮೇಡಂ ಎನ್ನುತ್ತಿದ್ದಳು, ಆಮೇಲೆ ಅಕ್ಕ ಎನ್ನತೊಡಗಿದಳು. ಎಷ್ಟೋ ವರ್ಷ ಅವಳು ಬಂಗಾರಪೇಟೆಯಿಂದ ಬೆಳಗಿನ ಟ್ರೈನು ಹಿಡಿದು ಬೆಂಗಳೂರಿಗೆ ಹೋಗಿ, ಯಾವುದೋ ದೊಡ್ಡ ಕಟ್ಟಡದಲ್ಲಿ ನೆಲ ಒರೆಸಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದಳು. ಹೋಗುವಾಗಲೂ ನಿಂತೇ, ಬರುವಾಗಲೂ ನಿಂತೇ.

"ಮಗ್ಳು ಬೆಳೆದಿದ್ದು ನಾನ್ ನೋಡ್ಲೇ ಇಲ್ಲ ಕಣಕ್ಕಾ," ಎಂದು ಒಮ್ಮೆ ಹೇಳಿದ್ದಳು. "ಓಗುವಾಗ್ಲೂ ಮಲಗಿರ್ತಿತ್ತು, ಬರುವಾಗ್ಲೂ ಮಲಗಿರ್ತಿತ್ತು. ಒಂದಿನ ನೋಡ್ತೀನಿ, ನನ್ ಸೀರೆ ಉಟ್ಕೊಂಡು ನಿಂತೈತೆ."

ಗಂಡ ಗಾರೆ ಕೆಲಸದಲ್ಲಿ ಮೇಲಿಂದ ಬಿದ್ದು ಒಂದು ಕಾಲು ಸ್ವಾಧೀನ ಕಳೆದುಕೊಂಡವನು. ಊರ ಕೆರೆಗೆ ಬಹಳ ವರ್ಷಗಳ ಮೇಲೆ ಒಂದಿಷ್ಟು ನೀರು ಬಂದಾಗ ಇಬ್ಬರೂ ಸೇರಿ ಅದನ್ನು ಗುತ್ತಿಗೆ ಹಿಡಿದರು. ಅವನು ಏರಿ ಮೇಲೆ ಕೂತು ಕಾವಲು ಕಾಯುವುದು, ಇವಳು ಭಾನುವಾರ ಬಂದು ನೋಡಿಕೊಳ್ಳುವುದು. ಮೀನು ಕೈಗೆ ಬಂದರೆ ಟ್ರೈನು ಬಿಡುತ್ತೇನೆ ಎನ್ನುವುದೊಂದೇ ಅವಳ ಆಸೆ. ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಿದ್ದಳು, ಸಾಲ ತೀರುತ್ತೆ, ಮನೆ ಕಟ್ಟುತ್ತೇನೆ ಎಂದೆಲ್ಲ ಎಂದೂ ಹೇಳಲಿಲ್ಲ.

ಕಾಟ್ಲಾ, ರೋಹು ಮರಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಂದ ದಿನ ನಾನೂ ಅಲ್ಲಿದ್ದೆ. ಚೀಲ ಬಿಚ್ಚಿ ಸುರಿಯಲು ಹೊರಟವಳನ್ನು ತಡೆದೆ. ಚೀಲವನ್ನು ಹಾಗೇ ಕೆರೆಯ ನೀರಿನಲ್ಲಿ ತೇಲಿಬಿಡು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರಲಿ, ಆಮೇಲೆ ಬಿಚ್ಚು ಎಂದೆ. ಅವಳು ಸೀರೆ ಎತ್ತಿಕಟ್ಟಿ ನೀರಿನಲ್ಲಿ ನಿಂತು, ಚೀಲಗಳು ಗಾಳಿಗೆ ದೂರ ಹೋಗದಂತೆ ಕೈ ಅಡ್ಡ ಹಿಡಿದುಕೊಂಡು ಕಾದಳು. ಮರಿಗಳು ಹೊರಗೆ ಬಂದು ಒಂದು ಕ್ಷಣ ಅವಳ ಕಾಲಿನ ಸುತ್ತಲೇ ಸುಳಿದಾಡಿ ಹೋದವು. ಕಚಗುಳಿ ಆಗುತ್ತೆ ಎಂದು ನಕ್ಕಳು.

ಮುಂದಿನ ಬೇಸಿಗೆಯಲ್ಲಿ ಕೆಳಗಿನ ಊರಿನ ಕೆರೆ ಬಿರುಕು ಬಿಟ್ಟು ಒಣಗಿತು. ಇವರದರಲ್ಲಿ ಮಾತ್ರ ನಡುವೆ ನೀರು ಉಳಿಯಿತು. ಮೀನು ಇನ್ನೂ ಸಣ್ಣವು, ಇನ್ನೊಂದು ಮಳೆಗಾಲ ಬೆಳೆಯಲಿ ಎಂದು ಬಿಟ್ಟುಕೊಂಡರು. ಆ ಮುಂಗಾರಿನಲ್ಲಿ ಒಂದಿಷ್ಟು ನೀರೂ ಸೇರಿತು, ಮೀನೂ ಕೈ ತುಂಬುವಷ್ಟಾದವು. ಈಗ ಹಿಡಿ ಎಂದೆ ನಾನು. ಗಂಡ ಒಪ್ಪಲಿಲ್ಲ. ನೀರು ಜಾಸ್ತಿ ಇದೆ, ಬಲೆಗೆ ಸಿಗಲ್ಲ, ನೀರು ಇಳಿಯಲಿ ಎಂದ. ಅವನದು ತಪ್ಪು ಎನ್ನಲಾರೆ. ನಮ್ಮ ಜಿಲ್ಲೆಯಲ್ಲಿ ಮೀನು ಹಿಡಿಯುವುದೆಂದರೆ ನೀರು ಇಳಿಯುವುದನ್ನು ಕಾಯುವುದು. ತಲೆಮಾರಿನಿಂದ ಕಣ್ಣೆದುರು ಇಳಿಯುತ್ತಲೇ ಬಂದ ನೀರು ಒಂದು ದಿನ ಏರೀತು ಎಂದು ಯಾರಿಗೆ ತೋಚುತ್ತದೆ? ಆ ತಿಂಗಳು ಅವಳ ಟ್ರೈನಿನ ಪಾಸು ಮುಗಿಯಿತು. ಮತ್ತೆ ಮಾಡಿಸಲಿಲ್ಲ.

ಕೋಡಿಗೆ ತಟ್ಟಿ ಕಟ್ಟಿಸಿ ಎಂದೂ ಹೇಳಿದ್ದೆ. ಬಿದಿರಿನ ಸೀಳುಗಳನ್ನು ಬಿಡಿಬಿಡಿಯಾಗಿ ಹೆಣೆದು ಕೋಡಿಯ ಬಾಯಿಗೆ ಓರೆಯಾಗಿ ನಿಲ್ಲಿಸುತ್ತಾರೆ. ನೀರು ಸಂದಿಯಲ್ಲಿ ಹೋಗುತ್ತದೆ, ಕಸ ಮೇಲೇರಿ ದಾಟುತ್ತದೆ, ಮೀನು ಒಳಗೇ ಉಳಿಯುತ್ತದೆ. ಹಿಂದೆ ಊರಿನಲ್ಲಿ ಅಂಥದ್ದೊಂದು ಇತ್ತಂತೆ. ಕೋಡಿ ಬೀಳುವುದೇ ನಿಂತ ಮೇಲೆ ಯಾರದೋ ಒಲೆಗೆ ಹೋಯಿತು. ಕೆರೆಯ ತೂಬು ನೋಡಿಕೊಳ್ಳುವ ಮುದುಕ ನೀರಗಂಟಿಯನ್ನು ಕೇಳಿದರೆ ಅವನು ನನ್ನನ್ನೇ ಸಮಾಧಾನ ಮಾಡಿದ.

"ಈ ಕೋಡಿ ಬೀಳಾದು ನಾನಿರಾಗಂಟ ಇಲ್ಲಮ್ಮೋ. ಮ್ಯಾಗಿನ ಕೆರೆಗುಳು ಬಾಯಿ ಬಿಟ್ಕೊಂಡು ಬಿದ್ದವೆ. ಅವು ಕುಡುದು ಮಿಕ್ಕಿದ್ರೆ ತಾನೆ ನಮ್ಗೆ?"

ಅವನ ಮಾತಿನಲ್ಲಿ ಅರ್ಧ ನಿಜ ಇತ್ತು. ಅರ್ಧ ನಿಜ ಹೇಳುವವರ ಜೊತೆ ವಾದ ಮಾಡುವುದು ಬಹಳ ಆಯಾಸದ ಕೆಲಸ. ಅವಳಿಗೆ ಮಾತ್ರ ಒಳಗೊಳಗೇ ಅಳುಕಿತ್ತು. ಬಿದಿರು ಹೊಂದಿಸಲಾಗದೆ, ಟೊಮೇಟೊ ಸಸಿಗೆ ಬಿಸಿಲು ತಾಗದಂತೆ ಹೊದಿಸುವ ಹಸಿರು ಬಲೆ ಇರುತ್ತದಲ್ಲ, ಅದನ್ನು ಪಕ್ಕದ ತೋಟದವರಿಂದ ಕೇಳಿ ತಂದು, ಟೊಮೇಟೊ ಗಿಡ ಕಟ್ಟುವ ಹಗ್ಗದಿಂದಲೇ ಕೋಡಿಯ ಕಲ್ಲುಗಳಿಗೆ ಬಿಗಿದು ಕಟ್ಟಿದಳು. ನೋಡಿ ನನಗೆ ತಲೆ ಕೆಟ್ಟಿತು. ಇದು ನೆರಳಿಗೆ ಕಟ್ಟೋದು ಕಣಮ್ಮ, ನೀರಿಗಲ್ಲ, ಎಲೆ ಬಂದರೂ ಮುಚ್ಚಿಕೊಳ್ಳುತ್ತೆ ಎಂದೆ. ದೀಪಾವಳಿ ಕಳೀಲಿ ಅಕ್ಕಾ, ಬಿದಿರು ತರಿಸ್ತೀನಿ ಎಂದಳು.

ಅಷ್ಟರಲ್ಲಿ ಹಿಂಗಾರು ಹಿಡಿಯಿತು. ಆಂಡರ್ಸನ್‌ಪೇಟೆಯಲ್ಲಿ ನಮ್ಮ ಮನೆ ಸೋರಿತು, ಬಸ್ಸುಗಳು ನಿಂತವು. ಮಳೆ ಸುರಿದಷ್ಟು ದಿನವೂ ನಾನು ಅವಳಿಗೆ ಫೋನು ಮಾಡಿ ಕೆರೆ ಹೇಗಿದೆ ಎಂದು ಕೇಳುತ್ತಿದ್ದೆ. ಏನೂ ಆಗಿರಲಿಲ್ಲ. ನೀರು ಒಂದಿಷ್ಟು ಏರಿತ್ತು ಅಷ್ಟೆ. ನೀರಗಂಟಿ ಹೇಳಿದ ಹಾಗೆ ಮೇಲಿನ ಕೆರೆಗಳು ಎಲ್ಲವನ್ನೂ ಕುಡಿಯುತ್ತಿದ್ದವು. ಆಮೇಲೆ ಮಳೆ ನಿಂತಿತು, ಚುರುಕು ಬಿಸಿಲು ಬಂತು, ಜನ ಒದ್ದೆ ಬಟ್ಟೆ ಹೊರಗೆ ಹರವಿದರು. ನಾನೂ ಅಕ್ಕಿ ಒಣಗಲು ಹಾಕಿ, ಗಂಡಾಂತರ ಕಳೆಯಿತು ಎಂದುಕೊಂಡು ಕೂತಿದ್ದೆ. ಆಗ ಅವಳ ಫೋನು ಬಂತು.

"ಅಕ್ಕಾ, ಮ್ಯಾಗಿಂದ ನೀರು ಬತ್ತೈತೆ."

ಇದನ್ನೇ ನಾನು ಇಷ್ಟು ವರ್ಷ ಸಭೆಗಳಲ್ಲಿ ಹೇಳಿದ್ದು. ನೀರು ಬರುವುದು ಮಳೆ ಬಂದಾಗಲ್ಲ, ಮೇಲಿನವರ ಹೊಟ್ಟೆ ತುಂಬಿದಾಗ. ಅದು ಎರಡು ದಿನ ಬಿಟ್ಟು ಬರಬಹುದು, ಬಿಸಿಲಿನಲ್ಲೂ ಬರಬಹುದು. ಮೇಲಿನ ಕೆರೆಗಳೆಲ್ಲ ಒಂದರ ಹಿಂದೊಂದು ಕೋಡಿ ಬಿದ್ದಿದ್ದವು. ಯಾರೂ ಯಾರಿಗೂ ಫೋನು ಮಾಡಿರಲಿಲ್ಲ.

ಆಟೋ ಹಿಡಿದು ನಾನು ಹೋಗುವ ಹೊತ್ತಿಗೆ ಊರಿಗೆ ಊರೇ ಏರಿ ಮೇಲೆ ನಿಂತಿತ್ತು. ಕೆರೆಯ ತುಂಬ ಕೆಂಪಗೆ ಏನೋ ತೇಲುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಟೊಮೇಟೊ. ಬೆಲೆ ಬಿದ್ದಿತೆಂದು ಮೇಲಿನ ಊರುಗಳವರು ಹಳ್ಳದ ದಂಡೆಗೆ ಸುರಿದಿದ್ದ ಹಣ್ಣನ್ನೆಲ್ಲ ನೀರು ಬಳಿದುಕೊಂಡು ಬಂದಿತ್ತು. ಅದರ ಜೊತೆಗೆ ಪಾತಿಗೆ ಹೊದಿಸುವ ಕರಿ ಪ್ಲಾಸ್ಟಿಕ್ಕು, ಮುಳ್ಳುಕಂಟಿ, ಔಷಧಿ ಡಬ್ಬ. ಎಲ್ಲವೂ ಬಂದು ಕೋಡಿಯ ಹಸಿರು ಬಲೆಗೆ ಒತ್ತಿಕೊಂಡು ಗೋಡೆ ಕಟ್ಟಿದ ಹಾಗೆ ನಿಂತಿತ್ತು. ಕೋಡಿಯಲ್ಲಿ ಬೀಳಬೇಕಾದ ನೀರು ಅಲ್ಲಿ ದಾರಿ ಸಿಗದೆ ಏರಿಗೆ ಏರುತ್ತಿತ್ತು. ತೂಬಿನ ಹತ್ತಿರ ಟ್ರ್ಯಾಕ್ಟರ್ ಓಡಾಡಿ ಏರಿ ತಗ್ಗಾಗಿದ್ದ ಜಾಗದಲ್ಲಿ ಆಗಲೇ ಮಣ್ಣು ಜಾರುತ್ತಿತ್ತು. ಏರಿಯ ಕೆಳಗೇ ಊರು.

ಅವಳು ಸೊಂಟದ ಮಟ್ಟ ನೀರಿನಲ್ಲಿ ನಿಂತು ಎರಡೂ ಕೈಯಲ್ಲಿ ಕಸ ಬಾಚಿ ಬಾಚಿ ಆಚೆಗೆ ಎಸೆಯುತ್ತಿದ್ದಳು. ನಾನೂ ಇಳಿದೆ. ನಮ್ಮ ಹಿಂದೆ ಇನ್ನೂ ಮೂರು ನಾಲ್ಕು ಹೆಂಗಸರು ಇಳಿದರು. ಬಾಚಿದಷ್ಟೂ ಬರುತ್ತಿತ್ತು, ಕೊಳೆತ ಹಣ್ಣು ಕೈಯಲ್ಲೇ ಒಡೆದು ಹೋಗುತ್ತಿತ್ತು. ಬಲೆಯ ಈಚೆ, ನಮ್ಮ ಮೊಣಕಾಲಿನ ಹತ್ತಿರ, ಮೀನು ಬಂದು ಬಂದು ಬಡಿಯುತ್ತಿದ್ದವು. ಹೊಸ ನೀರಿನ ವಾಸನೆಗೆ ಅವೂ ಕೋಡಿಗೆ ಬಂದು ಸೇರಿದ್ದವು. ಎಷ್ಟು ದೊಡ್ಡವಾಗಿದ್ದವೆಂದರೆ, ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಖುಷಿಯಾಯಿತು.

ನೀರಗಂಟಿ ದಡದಿಂದ ಕೂಗಿದ. "ಅವ್ವಾ, ಬಲೆ ಕುಯ್ದಾಕವ್ವಾ. ಏರಿ ಓದ್ರೆ ಊರೇ ಓಯ್ತದೆ."

ಕೆಲವರು ಬೈಯತೊಡಗಿದರು. ಅವಳ ಗಂಡ ಕೋಲೂರಿಕೊಂಡು ನಿಂತವನು ಯಾರ ಮುಖವನ್ನೂ ನೋಡಲಿಲ್ಲ. ಅವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಕ್ಕಾ, ನೀನೇ ಏಳು. ಏರಿ ಇನ್ನೊಂದ್ ಗಂಟೆ ತಡೀತದಾ?"

ತಡೆಯುತ್ತದೆ ಎಂದು ಹೇಳಬೇಕೆಂದು ನನಗೆಷ್ಟು ಆಸೆಯಿತ್ತು ಎಂದು ಬರೆದು ತಿಳಿಸಲಾರೆ. ಏರಿಯ ಕಡೆ ನೋಡಿದೆ. "ಇಲ್ಲಮ್ಮ. ಕುಯ್ಯಿ," ಎಂದೆ.

ಯಾರೋ ಕುಡುಗೋಲು ಕೊಟ್ಟರು. ಬೇರೆಯವರು ಮುಂದೆ ಬಂದರೂ ಅವಳು ಬಿಡಲಿಲ್ಲ, ತಾನು ಕಟ್ಟಿದ ಗಂಟುಗಳನ್ನು ತಾನೇ ಕುಯ್ದಳು. ಮೊದಲು ಟೊಮೇಟೊ ಹೋಯಿತು, ಆಮೇಲೆ ಪ್ಲಾಸ್ಟಿಕ್ಕು, ಆಮೇಲೆ ಮೀನು. ಬಿಸಿಲಿನಲ್ಲಿ ಅವುಗಳ ಬೆನ್ನು ಹೊಳೆಯುತ್ತಾ ಕೋಡಿಯ ಕಲ್ಲು ದಾಟಿ ದಾಟಿ ಹಳ್ಳಕ್ಕೆ ಬಿದ್ದವು. ಹುಡುಗರು ಪಂಚೆ, ಸೊಳ್ಳೆಪರದೆ ಹಿಡಿದುಕೊಂಡು ಕೆಳಕ್ಕೆ ಓಡಿದರು. ಅವರಿಗೆ ಸಿಕ್ಕಿದ್ದು ಎಷ್ಟು, ಹೋದದ್ದೆಷ್ಟು. ಸಂಜೆಯ ಹೊತ್ತಿಗೆ ಏರಿ ಉಳಿದುಕೊಂಡಿತು, ಊರೂ ಉಳಿದುಕೊಂಡಿತು.

ಕೋಡಿ ಬಿದ್ದಾಗ ಗಂಗಮ್ಮನಿಗೆ ತಂಬಿಟ್ಟಿನ ದೀಪ ಮಾಡಿ ಕೋಡಿಯ ಹತ್ತಿರ ಇಡುವುದು ಆ ಊರಿನ ಪದ್ಧತಿ. ಮೊದಲ ದೀಪ ಆ ವರ್ಷ ಕೆರೆಯಲ್ಲಿ ಮೀನು ಸಾಕಿದ ಮನೆಯವರದು. ಎಷ್ಟೋ ವರ್ಷದ ಮೇಲೆ ಬಂದ ಗಂಗಮ್ಮ. ಯಾರಿಗೂ ಪದ್ಧತಿ ಬಿಡುವ ಮನಸ್ಸಿಲ್ಲ. ಹೆಂಗಸರು ಹಿಟ್ಟು ಕಲಸಿ, ದೀಪ ಹಚ್ಚಿ, ಬೆಳಿಗ್ಗೆ ಅವಳನ್ನು ಬೈದಿದ್ದವರೇ ಬಂದು ಅವಳ ಕೈಗೆ ತಟ್ಟೆ ಕೊಟ್ಟರು. ಟೊಮೇಟೊ ರಸ ಮೆತ್ತಿದ ಅದೇ ಸೀರೆಯಲ್ಲಿ ಅವಳು ದೀಪ ಇಟ್ಟು, ಅರಿಶಿನ ಕುಂಕುಮ ಹಾಕಿ, ಹರಿಯುವ ನೀರಿಗೆ ಕೈ ಮುಗಿದಳು. ನನಗೆ ಗಂಗಮ್ಮನ ಮೇಲೂ ಸಿಟ್ಟು ಬಂತು, ಊರಿನ ಮೇಲೂ ಬಂತು. ಯಾರ ಮೇಲೆ ಬರಬೇಕಿತ್ತೋ ಅವರು ಮೇಲಿನ ಹತ್ತಾರು ಊರುಗಳಲ್ಲಿ ಹರಡಿಕೊಂಡಿದ್ದರು, ಅವರಿಗೆ ಇದು ತಿಳಿಯಲೂ ಇಲ್ಲ.

ಆಮೇಲೆ ಕೆಲಸದ ಮೇಲೆ ಕೆಳಗಿನ ಊರಿನ ಕೆರೆಗೆ ಹೋದೆ. ಒಣಗಿದ್ದ ಕೆರೆ ತುಂಬಿ ನಿಂತಿತ್ತು. ಅಲ್ಲಿ ಗುತ್ತಿಗೆ ಹಿಡಿದವನು ತೆಲುಗು ಮನೆಮಾತಿನವನು, ಒಳ್ಳೆಯ ಮನುಷ್ಯನೇ. "ಗಂಗಮ್ಮ ತಲ್ಲಿ ಇಚ್ಚಿಂದಿ ಮೇಡಂ," ತಾಯಿ ಕೊಟ್ಟಳು ಎಂದು ಹಿಗ್ಗಿದ. ಮೇಲಿನವರ ಮೀನು ಬಂದಿವೆಯಲ್ಲಪ್ಪ, ಹಿಡಿದಾಗ ಅವರಿಗೂ ಒಂದು ಪಾಲು ಅಂತ ಯೋಚನೆ ಮಾಡಿ ಎಂದೆ. ಅವನು ಸಿಟ್ಟಾಗಲಿಲ್ಲ.

"ನೀರಿನ ಜೊತೆ ಬಂದಿದ್ದು ನಮ್ದೇ ಅಲ್ವಾ ಮೇಡಂ? ಕೊಳ್ತಿರೋ ಟೊಮೇಟೊನೂ ಬಂತು, ಪ್ಲಾಸ್ಟಿಕ್ಕೂ ಬಂತು. ಅದನ್ನ ವಾಪಸ್ ಕೊಡಿ ಅಂತ ಯಾರೂ ಬರ್ಲಿಲ್ವಲ್ಲ."

ನಾನು ನಕ್ಕುಬಿಟ್ಟೆ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಬಸ್ಸಿನಲ್ಲಿ ಬರುವಾಗಲೂ ಪ್ರಯತ್ನ ಮಾಡಿದೆ, ಸಿಗಲಿಲ್ಲ.

ಅವಳು ಮತ್ತೆ ಪಾಸು ಮಾಡಿಸಿದಳು. ಒಂದು ಬೆಳಿಗ್ಗೆ ನಾನು ಯಾವುದೋ ಸಭೆಗೆಂದು ಬಂಗಾರಪೇಟೆ ಸ್ಟೇಷನ್ನಿಗೆ ಹೋದಾಗ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಕೈ ಎತ್ತಿದೆ. ಟ್ರೈನು ಬಂತು, ಜನ ನುಗ್ಗಿದರು, ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಆ ದಿನದ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಟೀ ಬಂದಾಗ ಎಲ್ಲರ ಜೊತೆ ಕುಡಿದೆ.

ಬೇಸಿಗೆಯ ಒಂದು ಭಾನುವಾರ ಆಂಡರ್ಸನ್‌ಪೇಟೆಯ ನಮ್ಮ ಮನೆ ಬಾಗಿಲಲ್ಲಿ "ಮೀನೂ" ಎಂದು ಕೂಗಿದ ದನಿ ಗುರುತು ಸಿಕ್ಕಿ ಹೊರಗೆ ಬಂದೆ. ಅವಳೇ. ತಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ, ಕಂಕುಳಲ್ಲಿ ಈಳಿಗೆಮಣೆ. ಕೆಳಗಿನ ಕೆರೆಯಲ್ಲಿ ನೀರು ಇಳಿದು ಮೀನು ಹಿಡಿಯುತ್ತಿದ್ದಾರೆ, ರಜೆ ಇದೆಯಲ್ಲ, ಕೊಂಡುಕೊಂಡು ಬಂದೆ ಎಂದಳು. ಕೂರಿಸಿ ನೀರು ಕೊಟ್ಟೆ. ಬೋಗುಣಿಯಲ್ಲಿ ಮೊಳದುದ್ದದ ಕಾಟ್ಲಾ ಮೀನು ಬಾಲ ಮಡಿಸಿಕೊಂಡು ಮಲಗಿದ್ದವು.

"ನಿನ್ನವೇ ಅಂತ ಗುರುತು ಸಿಕ್ತೇನಮ್ಮ?" ಎಂದು ಪೆದ್ದುಪೆದ್ದಾಗಿ ಕೇಳಿದೆ.

"ಮೀನ್ಗೆ ಗುರುತೆಲ್ಲೈತಕ್ಕಾ. ಆದ್ರೆ ಆ ಕೆರೆ ಓದ್ ಬ್ಯಾಸ್ಗೇಲಿ ಒಣ್ಗಿತ್ತು. ಇಷ್ಟುದ್ದ ಮೀನು ಅಲ್ಲಿಗೆ ಇನ್ನೆಲ್ಲಿಂದ ಬತ್ತದೆ?"

"ಆ ಗುತ್ತಿಗೆಯವನಿಗೆ ಹೇಳಿದ್ಯಾ?"

"ಏಳಾದೇನು, ಅವನ್ಗೂ ಗೊತ್ತು. ನನ್ ಮೊಕ ನೋಡ್ಲಿಲ್ಲ. ತೂಕ ಆಕಿದ್ ಮ್ಯಾಲೆ, ಸುಮ್ನೆ ಇನ್ನೊಂದು ಮೀನು ಎತ್ತಿ ಬೋಗುಣಿಗೆ ಆಕ್ದ."

ಮೀನನ್ನು ಬೂದಿ ಹಚ್ಚಿ ತಿಕ್ಕಿ, ಈಳಿಗೆಯಲ್ಲಿ ಹದವಾಗಿ ಕುಯ್ದು ನನ್ನ ಪಾತ್ರೆಗೆ ಹಾಕಿದಳು. ಗಂಡ ತಟ್ಟಿ ಹೆಣೆಯುತ್ತಿದ್ದಾನಂತೆ, ಈ ಸಲ ಮರಿ ಯಾವಾಗ ಬರುತ್ತದೆ ಎಂದು ಕೇಳಿದಳು. ಮಳೆ ನೋಡಿಕೊಂಡು ಹೇಳುತ್ತೇನೆ ಎಂದೆ.

"ನೀನು ತಿಂದ್ಯಾ ಈ ಮೀನು?"

ಅವಳು ಕೈ ತೊಳೆಯುತ್ತಾ ಇದ್ದಳು. "ಮಗ್ಳಿಗೆ, ಅವ್ರಿಗೆ ಬೆಳಿಗ್ಗೇನೇ ಮಾಡಾಕ್ದೆ. ನಾನೂ ಕಲಸ್ಕೊಂಡು ಕೂತೆ ಕಣಕ್ಕಾ. ನಾನ್ ಸಾಕಿದ್ದನ್ನ ನಾನೇ ದುಡ್ಡು ಕೊಟ್ಟು ತಂದು... ತಟ್ಟೆ ಮಗ್ಳ ಮುಂದಕ್ಕೆ ತಳ್ಬಿಟ್ಟೆ."

ಸೆರಗಿನಲ್ಲಿ ಕೈ ಒರೆಸಿಕೊಂಡು ಬೋಗುಣಿ ಎತ್ತಿ ತಲೆಗಿಟ್ಟುಕೊಂಡಳು. ಇನ್ನೂ ಅರ್ಧದಷ್ಟು ಮೀನಿತ್ತು, ಬಿಸಿಲು ಏರುತ್ತಿತ್ತು. "ಬತ್ತೀನಕ್ಕಾ. ಬೇಗ ಮಾರ್ಬಿಟ್ಟು ಓಗ್ಬೇಕು, ನಾಳ್ಕೆ ಟ್ರೈನೈತೆ," ಎಂದವಳು ಪಕ್ಕದ ಮನೆಯ ಮುಂದೆ ನಿಂತು ಮತ್ತೆ "ಮೀನೂ" ಎಂದು ಕೂಗಿದಳು.